ಎರಡು ಕೀಲಿ ಒತ್ತಿದರೂ ಮರಾಠಿ ಬರಲಿಲ್ಲ

ನಾನು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆದದ್ದು ಯೋಗ್ಯತೆಯಿಂದಲ್ಲ, ಗೈರುಹಾಜರಿಯಿಂದ. ಆ ಭಾನುವಾರ ತಮ್ಮನ ಮಗಳ ಸೀಮಂತದ ಕುಬಸಕ್ಕೆಂದು ಆರಗಕ್ಕೆ ಹೋಗಿದ್ದೆ. ಸಂಜೆ ಬಸ್ಸಿಳಿದು ಸಾಂಗಲಿಯ ವಿಶ್ರಾಮಬಾಗದ ಮನೆಗೆ ಬಂದರೆ, ಬಾಗಿಲು ತೆಗೆದ ಗಂಡ, "ಬರ್ರಿ ಬರ್ರಿ, ಸೆಕ್ರೆಟರಿ ಬಾಯಾರು ಬಂದ್ರು" ಎಂದರು. ಸಭೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಯಾರು ಬಂದಿಲ್ಲವೋ ಅವರನ್ನು ಒಮ್ಮತದಿಂದ ಆರಿಸಿ ಚಹಾ ಕುಡಿದು ಎದ್ದಿದ್ದರು. ನನ್ನ ಗಂಡನೂ ಕೈಯೆತ್ತಿದ್ದರಂತೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನ ಪರವಾಗಿ ಕೈಯೆತ್ತಿದ್ದು ಅದೊಂದೇ ಸಲ.

ಮೂರು ಮಹಡಿ, ಹನ್ನೆರಡು ಮನೆ, ಲಿಫ್ಟ್ ಇಲ್ಲ. ಇಷ್ಟಕ್ಕೊಬ್ಬ ಅಧ್ಯಕ್ಷರು. ಬ್ಯಾಂಕಿನಿಂದ ನಿವೃತ್ತರಾದವರು, ಆದರೆ ಬ್ಯಾಂಕು ಅವರಿಂದ ಇನ್ನೂ ನಿವೃತ್ತವಾಗಿರಲಿಲ್ಲ. ಅವರ ಪ್ರತಿ ಮಾತೂ "ನಿಯಮಾಪ್ರಮಾಣೆ" ಎಂದು ಶುರುವಾಗುತ್ತಿತ್ತು. ನಿಯಮದ ಪ್ರಕಾರ ಮೆಟ್ಟಿಲ ಮೇಲೆ ಚಪ್ಪಲಿ ಇಡಬಾರದು, ನಿಯಮದ ಪ್ರಕಾರ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಬಾರದು. ನಿಯಮದ ಪ್ರಕಾರ ನೋಟಿಸನ್ನು ಕೈಯಲ್ಲಿ ಬರೆಯಬಾರದು, ಟೈಪ್ ಮಾಡಿಯೇ ಹಚ್ಚಬೇಕು. ಈ ಕೊನೆಯ ನಿಯಮಕ್ಕೊಂದು ಇತಿಹಾಸವಿದೆ. ನನಗಿಂತ ಹಿಂದಿದ್ದ ಸೆಕ್ರೆಟರಿ ಸಭೆಯ ನೋಟಿಸನ್ನು ಕೈಯಲ್ಲಿ ಬರೆದಿದ್ದರು. ಅವರು ಬರೆದ ಮರಾಠಿಯ ಐದರ ಅಂಕಿ ಅರ್ಧ ಜನಕ್ಕೆ ನಾಲ್ಕಾಗಿ ಕಂಡಿತು. ನಾಲ್ಕಕ್ಕೆ ಬಂದವರು ಎಲ್ಲ ಠರಾವುಗಳನ್ನು ಪಾಸು ಮಾಡಿ ಹೋದರು; ಐದಕ್ಕೆ ಬಂದವರು ಅವನ್ನೆಲ್ಲ ರದ್ದು ಮಾಡಿ ಹೋದರು. ಮೊಬೈಲಿನ ಗುಂಪಿನಲ್ಲಿ ತಿಳಿಸಬಹುದಲ್ಲ ಎನ್ನುತ್ತೀರಿ. ಅಲ್ಲಿ ಬೆಳಗಾದರೆ ಗುಲಾಬಿ ಹೂಗಳು ಸುರಿಯುತ್ತಿದ್ದವು. ಹೂವಿನ ರಾಶಿಯ ಕೆಳಗೆ ಯಾವ ಸುದ್ದಿಯೂ ಉಸಿರಾಡುತ್ತಿರಲಿಲ್ಲವಾದ್ದರಿಂದ, ಅಧಿಕೃತ ಸುದ್ದಿಯೆಲ್ಲ ಕೆಳಗಿನ ಬೋರ್ಡಿನಲ್ಲೇ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದರು.

ನಾನು ಮಿರಜ ತಾಲೂಕಿನ ಗಡಿಯ ಊರೊಂದರ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು. ಮರಾಠಿ ಓದಲು ಬರೆಯಲು ಬರುತ್ತದೆ. ಮಾತಾಡಲೂ ಬರುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ. ನನ್ನ ಮರಾಠಿ ಕೇಳುವಾಗ ನೆರೆಮನೆಯವರ ತುಟಿಯ ಮೇಲೆ ಸುಳಿಯುವ ಸಭ್ಯ ನಗೆಯನ್ನು ನಾನು ಗಮನಿಸುವುದಿಲ್ಲ. ನಿವೃತ್ತಿಯಾದ ಮೇಲೆ, ಅಪ್ಪನ ಕುರಿಹಿಂಡಿನ ಬಗ್ಗೆ, ಹಟ್ಟಿಯ ಬಗ್ಗೆ ನಾಲ್ಕು ಮಾತು ಬರೆದಿಡೋಣ ಎನಿಸಿತು. ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟು, ಅದರಲ್ಲೊಂದು ಟೆಕ್ಸ್ಟ್ ಎಡಿಟರ್ ಹಾಕಿಕೊಟ್ಟಳು. ಅಲಂಕಾರವಿಲ್ಲ, ಬಣ್ಣವಿಲ್ಲ, ಅಕ್ಷರ ಹೊಡೆಯುವುದಷ್ಟೆ ಅದರ ಕೆಲಸ. "ಮಾವಶಿ, ಕಂಟ್ರೋಲ್ ಒತ್ತಿ ಹಿಡಿದು ಸ್ಪೇಸ್ ಒತ್ತು. ಕನ್ನಡ ಇದ್ರ ಮರಾಠಿ ಆಗತೈತಿ, ಮರಾಠಿ ಇದ್ರ ಕನ್ನಡ. ಬಾಕಿ ಕಶಾಲಾಚ ಹಾತ್ ಲಾವೂ ನಕೋ" ಎಂದಳು. ಬೇರೆ ಯಾವುದಕ್ಕೂ ಕೈ ಹಚ್ಚಬೇಡ ಎಂಬುದನ್ನು ಮರಾಠಿಯಲ್ಲಿ ಹೇಳಿದ್ದು ಗಾಂಭೀರ್ಯಕ್ಕಾಗಿ. ಅವಳ ತಲೆಮಾರಿನವರು ಪ್ರೀತಿಯನ್ನು ಅರ್ಧ ಕನ್ನಡದಲ್ಲೂ ಎಚ್ಚರಿಕೆಯನ್ನು ಪೂರ್ತಿ ಮರಾಠಿಯಲ್ಲೂ ಹೇಳುತ್ತಾರೆ.

ನಾನೋ, ಹೇಳಿದ ಮಾತು ಕೇಳುವ ವಿದ್ಯಾರ್ಥಿನಿ. ಬೇರೆ ಯಾವುದಕ್ಕೂ ಕೈ ಹಚ್ಚಲಿಲ್ಲ. ಒಂದೇ ಫೈಲು ಮಾಡಿಕೊಂಡೆ. ಅದರಲ್ಲೇ ಅಪ್ಪನ ಕುರಿ, ಅದರಲ್ಲೇ ಕಿರಾಣಿ ಯಾದಿ, ಅದರ ಕೊನೆಯಲ್ಲೇ ಅಪಾರ್ಟ್‌ಮೆಂಟಿನ ನೋಟಿಸು. ನೋಟಿಸಿನ ಭಾಗಕ್ಕಷ್ಟೇ ಗುರುತು ಹಾಕಿ ಪ್ರಿಂಟ್ ತೆಗೆಯುತ್ತಿದ್ದೆ. ಎಂಟು ತಿಂಗಳು ಇದು ಸುಸೂತ್ರವಾಗಿ ನಡೆಯಿತು.

ಒಂದು ಮಂಗಳವಾರ ಬೆಳಿಗ್ಗೆ ಅಧ್ಯಕ್ಷರು ಮೆಟ್ಟಿಲ ಮೇಲೆ ನಿಲ್ಲಿಸಿ, ನಾಳೆ ಮೇಲಿನ ನೀರಿನ ಟಾಕಿ ತೊಳೆಯುವವರು ಬರುತ್ತಾರೆ, ಒಂಬತ್ತರಿಂದ ಎರಡರವರೆಗೆ ನೀರಿರುವುದಿಲ್ಲ, ನೋಟಿಸು ಹಚ್ಚಿ ಎಂದರು. ಕಂಪ್ಯೂಟರಿನ ಮುಂದೆ ಕೂತೆ. ಎಡಿಟರ್ ತೆರೆಯಿತು, ಎಂದಿನಂತೆ ಕನ್ನಡ ಬಂತು. ಕಂಟ್ರೋಲ್ ಹಿಡಿದು ಸ್ಪೇಸ್ ಒತ್ತಿದೆ.

ಮರಾಠಿ ಬರಲಿಲ್ಲ. ಅದರ ಬದಲು ಅಕ್ಷರದ ಕೆಳಗೆ ಒಂದು ಪುಟ್ಟ ಡಬ್ಬಿ ತೆರೆದುಕೊಂಡಿತು. ಅದರೊಳಗೆ ನಾನೇ ಹಿಂದೆ ಬರೆದ ಪದಗಳು ಸಾಲಾಗಿ ನಿಂತಿದ್ದವು: ಕಂಬಳಿ, ಕುರಿ, ಕುರಿಗಳು, ಕೊತ್ತಂಬರಿ, ಜೀರಿಗೆ. ಇವುಗಳಲ್ಲಿ ಯಾವುದು ಬೇಕು ತಾಯಿ ಎಂದು ಕೇಳುವಂತೆ. ನನಗೆ ಬೇಕಾದದ್ದು ಮರಾಠಿ. ಮತ್ತೆ ಒತ್ತಿದೆ. ಮತ್ತೆ ಜೀರಿಗೆ.

ಗಂಡನನ್ನು ಕರೆದೆ. ಅವರಲ್ಲಿ ಜಗತ್ತಿನ ಎಲ್ಲ ರೋಗಕ್ಕೂ ಒಂದೇ ಔಷಧ. "ಒಮ್ಮಿ ಬಂದ್ ಮಾಡಿ ಚಾಲೂ ಮಾಡು." ಫ್ಯಾನಿಗೂ ಅದೇ, ಮಿಕ್ಸರಿಗೂ ಅದೇ, ಜಗಳವಾದರೆ ಅವರೇ ಒಂದು ತಾಸು ಬಂದ್ ಆಗಿ, ಆಮೇಲೆ ಏನೂ ಆಗದವರಂತೆ ಚಾಲೂ ಆಗುತ್ತಾರೆ. ಬಂದ್ ಮಾಡಿದೆ, ಚಾಲೂ ಮಾಡಿದೆ. ಡಬ್ಬಿ ತೆರೆಯಿತು. ಜೀರಿಗೆ.

ತಂಗಿಯ ಮಗಳಿಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದಳು. "ಮಾವಶಿ, ಅಪ್‌ಡೇಟ್ ಏನರ ಆಗೇತೇನ?" ಎಂದಳು. "ನಾ ಏನೂ ಮಾಡಿಲ್ಲವ್ವಾ" ಎಂದೆ. ಹಿಂದಿನ ದಿನ ಎಡಿಟರ್ ಇಂಗ್ಲಿಷಿನಲ್ಲಿ ಏನನ್ನೋ ಕೇಳಿತ್ತು, ನಾನು ಓದದೆ ಹೂಂ ಒತ್ತಿದ್ದೆ, ನಿಜ. ಆದರೆ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ನಾನು ಹೂಂ ಎನ್ನುವುದು ಮೊದಲಿನಿಂದಲೂ ಇದ್ದದ್ದೇ. ಅದನ್ನು 'ಏನಾದರೂ ಮಾಡುವುದು' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರೋ ರೋಗಿ ಕರೆದರು, ಅವಳು ಫೋನಿಟ್ಟಳು.

ಗಂಡನ ಮೊಬೈಲಿನಲ್ಲಿ ಇಂಟರ್ನೆಟ್ಟಿಗೂ ಮೊರೆಯಿಟ್ಟೆವು. ಯಾವ ದೇಶದವನೋ, ನನ್ನ ಅಣ್ಣನಂತಿರುವವನೊಬ್ಬ ಇದೇ ಕಷ್ಟವನ್ನು ಹೇಳಿಕೊಂಡಿದ್ದ. ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿ ಬಂತು. ಕೆಳಗೆ ಅವನೇ, "ಸರಿಯಾಯಿತು, ಧನ್ಯವಾದ" ಎಂದು ಬರೆದು ಹೊರಟುಹೋಗಿದ್ದ. ಹೇಗೆ ಸರಿಯಾಯಿತು, ಯಾರಿಗೆ ಧನ್ಯವಾದ, ಒಂದಕ್ಷರವಿಲ್ಲ. ಅವನ ಕೆಳಗೆ ಇನ್ನೊಬ್ಬ ಮಹಾಶಯ, "ನನ್ನಲ್ಲಿ ಚೆನ್ನಾಗಿಯೇ ನಡೆಯುತ್ತಿದೆ" ಎಂದಿದ್ದ. ಹಸಿದವನ ಮುಂದೆ ನಿಂತು, ನಮ್ಮ ಮನೆಯಲ್ಲಿ ಇವತ್ತು ಹೋಳಿಗೆ ಎಂದಂತೆ.

ಕೊನೆಗೆ ಕೀಬೋರ್ಡನ್ನು ಕಾಯಿಪಲ್ಲೆಯ ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಟಪಟಪ ಹೊಡೆದು, "ಚಾಲತೊಯ್ ಕೀ!" ಎಂದ. ನಡೆಯುತ್ತಿದೆಯಲ್ಲ ಎಂದು. ಆಮೇಲೆ, ಹೊಸದು ತೆಗೆದುಕೊಳ್ಳುವುದು ಒಳ್ಳೆಯದು ಎಂದ. ನಡೆಯುತ್ತಿದ್ದರೆ ಹೊಸದು ಯಾಕೆ ಎಂದು ಕೇಳಿದೆ. ಅವನು ತತ್ವಜ್ಞಾನಿಯ ಮುಖ ಮಾಡಿ, "ಮಾವಶಿ, ಚಾಲತೊಯ್, ಪಣ್ ಕಿತೀ ದಿವಸ?" ಎಂದ. ನಡೆಯುತ್ತದೆ, ಆದರೆ ಎಷ್ಟು ದಿನ? ಅದೇ ಪ್ರಶ್ನೆಯನ್ನು ನಮ್ಮಿಬ್ಬರ ಬಗ್ಗೆಯೂ ಕೇಳಬಹುದಿತ್ತು. ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು, ಬರುವ ದಾರಿಯಲ್ಲಿ ಅದರ ಮೇಲೆ ಒಂದು ಸೂಡು ಮೆಂತ್ಯ ಇಟ್ಟುಕೊಂಡು ಮನೆಗೆ ಬಂದೆ.

ಹೊರಗೆಲ್ಲಾದರೂ ಮರಾಠಿಯಲ್ಲಿ ಟೈಪ್ ಮಾಡಿಸಿ ತರಬಹುದಿತ್ತು. ಪರದೆಯ ಕೆಳಮೂಲೆಯಲ್ಲಿ ಭಾಷೆಯ ಗುರುತೊಂದಿರುತ್ತದಂತೆ, ಅದರ ಮೇಲೆ ಒತ್ತಿದರೂ ಮರಾಠಿ ಬರುತ್ತಿತ್ತಂತೆ; ಆದರೆ ಈ 'ಅಂತೆ'ಗಳು ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ಮಧ್ಯಾಹ್ನ ನಾಲ್ಕಾಗುವ ಹೊತ್ತಿಗೆ ಅದು ನೀರಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಬೆಳಗಿನಿಂದ ನೂರು ಸಲ ಎರಡು ಕೀಲಿ ಒತ್ತಿ ನೂರು ಸಲ ಜೀರಿಗೆ ನೋಡಿದವಳು ನಾನು. ನೋಟಿಸು ಟೈಪ್ ಆಗಿರಬೇಕು ಎಂದು ನಿಯಮವಿದೆ. ಯಾವ ಭಾಷೆಯಲ್ಲಿ ಎಂದು ಎಲ್ಲಿದೆ? ಕೂತು ಕನ್ನಡದಲ್ಲೇ ಹೊಡೆದೆ. ನಡುನಡುವೆ ಅಭ್ಯಾಸಬಲದಿಂದ ಆ ಎರಡು ಕೀಲಿ ಒತ್ತುತ್ತಿದ್ದೆ, ಡಬ್ಬಿ ತೆರೆಯುತ್ತಿತ್ತು, ಸಿಟ್ಟಿನಲ್ಲಿ ಎಂಟರ್ ಕುಟ್ಟಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಪ್ರಿಂಟ್ ತೆಗೆದು, ಓದದೆ, ಕೆಳಗೆ ಹೋಗಿ ಬೋರ್ಡಿಗೆ ಚುಚ್ಚಿದೆ. ಮೂವತ್ತು ವರ್ಷ ಮಕ್ಕಳಿಗೆ "ಬರೆದದ್ದನ್ನು ಇನ್ನೊಮ್ಮೆ ಓದಿ" ಎಂದು ಹೇಳಿದ ಬಾಯಿ ನನ್ನದು.

ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದ ವಾಚ್‌ಮನ್ ಎದ್ದು ಬಂದು ನೋಟಿಸಿನ ಮುಂದೆ ನಿಂತ. ನಲವತ್ತು ದಾಟಿದ ಮನುಷ್ಯ, ಹೆಂಡತಿ ಮಕ್ಕಳೊಡನೆ ಹಿಂದಿನ ಖೋಲಿಯಲ್ಲೇ ಇರುತ್ತಾನೆ. ನೋಡುತ್ತಾ ನೋಡುತ್ತಾ ಅವನ ಮೀಸೆಯ ಕೆಳಗೆ ನಗು ಹುಟ್ಟಿತು. "ಕಾಯ್ ಝಾಲಂ?" ಎಂದು ಕೇಳಿದೆ. ಏನಾಯಿತು ಎಂದು.

"ಏನಿಲ್ರಿ ಬಾಯಾರ. ಖರೇನ ಬರದೀರಿ" ಎಂದ.

ಕನ್ನಡದಲ್ಲಿ. ಮೆಟ್ಟಿಲತ್ತ ಹೊರಟಿದ್ದ ನಾನು ತಿರುಗಿ ಬಂದೆ. "ನಿನಗ ಕನ್ನಡ ಬರತೈತೇನೋ?"

"ನಾವು ವಿಜಾಪುರ ಕಡೇವ್ರರಿ. ಕನ್ನಡ ಬರದ ಏನ ಮಾಡತೈತ್ರಿ?"

"ನಾಕ್ ವರ್ಷಾತು ಇಲ್ಲಿದ್ದಿ. ದಿನಾ ನನ್ನ ಜೋಡಿ ಮರಾಠಿ ಮಾತಾಡ್ತಿಯಲ್ಲೋ!"

"ನೀವು ಮರಾಠಿ ಮಂದಿ ಅನ್ಕೊಂಡಿದ್ನಿರಿ."

"ನನ್ನ ಮರಾಠಿ ಕೇಳಿ?"

ಅವನು ತಲೆ ಕೆರೆದುಕೊಂಡ. "ನನ್ನ ಮರಾಠಿ ಅದಕಿಂತ ಹದಗೆಟ್ಟೈತಲ್ರಿ. ನನಗೇನ ಫರಕ ತಿಳೀತೈತಿ?"

ನಾಲ್ಕು ವರ್ಷ. ದಿನಕ್ಕೆರಡು ಸಲ. ನೀರು ಬಂತು ಎನ್ನಲು ಅವನು "ಪಾಣಿ ಆಲಾ" ಎಂದು ನೀರನ್ನು ಗಂಡಸು ಮಾಡುತ್ತಿದ್ದ, ನಾನು ಅದನ್ನು "ಆಲೀ" ಎಂದು ತಿದ್ದಿ ಹೆಂಗಸು ಮಾಡುತ್ತಿದ್ದೆ. ಮರಾಠಿಯಲ್ಲಿ ನೀರು ಎರಡೂ ಅಲ್ಲ ಎಂದು ಅಧ್ಯಕ್ಷರು ಒಮ್ಮೆ ಇಬ್ಬರಿಗೂ ಒಟ್ಟಿಗೆ ಪಾಠ ಹೇಳಿದ್ದರು. ಇಬ್ಬರು ಕನ್ನಡಿಗರು ಒಬ್ಬರ ಮರ್ಯಾದೆಗಾಗಿ ಒಬ್ಬರು ಮರಾಠಿಯನ್ನು ಹೀಗೆ ಹಿಂಸಿಸಿದ್ದು ಸಾಂಗಲಿಯಲ್ಲಿ ಇದೇ ಮೊದಲಿರಲಾರದು. ನಾಚಿಕೆಯಾಯಿತು. ಅವನ ಊರು ಯಾವುದೆಂದು ಸಹ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ತಾಯಿಯ ಕೈಹಿಡಿದು ಮೆಟ್ಟಿಲಿಳಿದು ಬಂದರು. ದಿನಾ ಸಂಜೆ ತಾಯಿಯನ್ನು ಅಂಗಳದಲ್ಲಿ ನಾಲ್ಕು ಸುತ್ತು ಅಡ್ಡಾಡಿಸುವುದು ಅವರ ವಾಡಿಕೆ. ಎಂಭತ್ತು ದಾಟಿದ ಸಣ್ಣ ದೇಹದ ಮುದುಕಿ, ಕೈಯಲ್ಲಿ ಕೋಲು. ಇಡೀ ಕಟ್ಟಡಕ್ಕೆ ಅವರು 'ಆಜಿ'. ಊಟ ಆಯಿತಾ ಎಂದು ಮರಾಠಿಯಲ್ಲಿ ಕೇಳುವುದು ಬಿಟ್ಟರೆ ಅವರು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಿವಿ ಮಂದವಿರಬೇಕೆಂದು ನಾನೇ ತೀರ್ಮಾನಿಸಿದ್ದೆ.

ಅಧ್ಯಕ್ಷರು ಬೋರ್ಡ್ ನೋಡಿ ನಿಂತರು. "ವಹಿನೀ, ಹೆ ಕಾಯ್?"

ಇದೇನು ಎಂದು. ನೋಟಿಸು ಎಂದೆ.

"ಕೋಣತ್ಯಾ ಭಾಷೇತ?" ಎಂದು ಕೇಳಿದರು, ಯಾವ ಭಾಷೆಯೆಂದು ತಿಳಿಯದವರಂತೆ.

ನಿಯಮದ ಪ್ರಕಾರ ಟೈಪ್ ಮಾಡಿದ್ದೇನೆ, ನಿಯಮದಲ್ಲಿ ಭಾಷೆಯ ಮಾತಿಲ್ಲ ಎಂದು ನನ್ನ ಮರಾಠಿಯಲ್ಲಿ ಹೇಳಿದೆ. ನಿಯಮಕ್ಕೆ ನಿಯಮವೇ ಅಡ್ಡ ಬಂದಾಗ ಬ್ಯಾಂಕಿನವರ ಸಂಕಟ ನೋಡಲಾಗುವುದಿಲ್ಲ. ಕೊನೆಗೆ ಸಿಟ್ಟಿನಿಂದ, "ಇಥಂ ಕಾನಡೀ ಕೋಣಾಲಾ ಯೇತಂ?" ಎಂದರು. ಇಲ್ಲಿ ಕನ್ನಡ ಯಾರಿಗೆ ಬರುತ್ತದೆ? ವಾಚ್‌ಮನ್ ಛಾವಣಿ ನೋಡತೊಡಗಿದ.

ಆಗ ಆಜಿ ಮಗನ ಕೈ ಬಿಡಿಸಿಕೊಂಡು ಬೋರ್ಡಿನ ಹತ್ತಿರ ಹೋದರು. ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ. ಬೆರಳಿಟ್ಟರು.

"ಸೂ... ಚ... ನೆ."

"ಆಈ, ಚಲ" ಎಂದರು ಮಗ, ನಡಿ ಅವ್ವಾ ಎಂದು. ಆಜಿ ಹಿಂದೆ ತಿರುಗದೆ ಕೋಲನ್ನು ಒಂದು ಗೇಣು ಎತ್ತಿದರು. ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. ಆ ಕೋಲಿನ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಆಜಿ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒಂದನೇ ಇಯತ್ತೆಯ ಹುಡುಗಿಯಂತೆ ರಾಗವಾಗಿ ಓದಿದರು. ನಾಳೆ, ಒಂಬತ್ತು, ಟಾಕಿ, ತೊಳೆಯಲಾಗುವುದು. ನಾನು ಮಾಸ್ತರಿಕೆ ಮಾಡಿದ ಮೂವತ್ತು ವರ್ಷದಲ್ಲಿ ಯಾರೂ ಒಂದು ನೋಟಿಸನ್ನು ಇಷ್ಟು ಭಕ್ತಿಯಿಂದ ಓದಿರಲಿಲ್ಲ. ಕೊನೆಯ ಸಾಲಿಗೆ ಬಂದರು.

"ಆದ್ದರಿಂದ ಎಲ್ಲ ಕು... ರಿ... ಗ... ಳು ಇಂದೇ ನೀರು ತುಂಬಿಟ್ಟುಕೊಳ್ಳಬೇಕು."

ನಾನು ಹೊಡೆಯಬೇಕೆಂದಿದ್ದದ್ದು 'ಕುಟುಂಬಗಳು'. 'ಕು' ಹೊಡೆದಾಗ ಆ ಹಾಳು ಡಬ್ಬಿ ತೆರೆದಿದೆ, ನಾನು ಎಂಟರ್ ಕುಟ್ಟಿದ್ದೇನೆ, ಅದು ಅಪ್ಪನ ಹಿಂಡಿನ ಕುರಿಗಳನ್ನೇ ಹಿಡಿದು ತಂದು ನಿಲ್ಲಿಸಿದೆ.

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಕೆಂಪಾದರು. "ಮೆಂಢರಂ? ಆಮ್ಹೀ ಮೆಂಢರಂ?" ನಾವು ಕುರಿಗಳೇ?

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಮೊದಲು ಹೊಳೆದದ್ದು ಆಜಿಗೆ. ಅವರು ನಿಧಾನವಾಗಿ ತಿರುಗಿ ಮಗನನ್ನು ನೋಡಿದರು.

"ನಿನಗ ಹ್ಯಾಂಗ ತಿಳೀತೋ?"

ಅಧ್ಯಕ್ಷರು ಗೇಟನ್ನು ನೋಡಿದರು, ವಾಚ್‌ಮನ್ನನ್ನು ನೋಡಿದರು, ನನ್ನನ್ನು ನೋಡಿದರು. "ಅಂದಾಜ" ಎಂದರು.

ವಾಚ್‌ಮನ್ ಮುಖ ಮರೆಮಾಡಿಕೊಂಡು ಕುರ್ಚಿಯತ್ತ ನಡೆದ. ಅವನ ಬೆನ್ನು ಕುಲುಕುತ್ತಿತ್ತು. ಆಜಿ ನನ್ನ ಕಡೆ ತಿರುಗಿ, "ಯವ್ವಾ, ಕುರಿಗೆ ಯಾಕ ನೀರ ತುಂಬಿಡಬೇಕು? ಅವು ಹಳ್ಳಕ್ಕ ಹೋಗಿ ಕುಡಕೊಂಡ ಬರ್ತಾವ" ಎಂದು, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಕಿವಿಯಲ್ಲಿ ಯಾವ ಮಂದವೂ ಇರಲಿಲ್ಲ.

ನಾನು ಪೆನ್ನು ತೆಗೆದು ತಪ್ಪನ್ನು ಹೊಡೆದುಹಾಕಿ ತಿದ್ದಲು ಹೋದೆ. ಅಧ್ಯಕ್ಷರು ಅಡ್ಡ ಬಂದರು. ನಿಯಮದ ಪ್ರಕಾರ ಕೈಬರಹ ನಡೆಯುವುದಿಲ್ಲವಂತೆ. ಹೀಗಾಗಿ ನೋಟಿಸು ಕುರಿಗಳ ಸಮೇತ ಹಾಗೆಯೇ ಉಳಿಯಿತು. ಅವರು ತಾಯಿಯನ್ನು ಒಂದೂ ಸುತ್ತು ಹಾಕಿಸದೆ ಮೇಲಕ್ಕೆ ಕರೆದೊಯ್ದರು.

ಮರುದಿನ ಒಂಬತ್ತಕ್ಕೆ ನಲ್ಲಿಗಳು ಉಸಿರೆಳೆದು ಸುಮ್ಮನಾದವು. ಒಂಬತ್ತೂವರೆಗೆ ನಮ್ಮ ಬಾಗಿಲಲ್ಲಿ ಸಾಬೂನು ಹಚ್ಚಿಕೊಂಡ ಮುಖಗಳು ನೆರೆದವು. ಬೋರ್ಡ್ ನೋಡಲಿಲ್ಲವೇ ಎಂದರೆ, ಅದೇನೋ ದೇವರ ಕಾರ್ಯದ ಕಾಗದವೆಂದು ತಿಳಿದೆವು ಎಂದರು ಒಬ್ಬರು. ಕೈಮುಗಿದು ಹೋದೆ ಎಂದರು ಇನ್ನೊಬ್ಬರು. ಇಡೀ ಕಟ್ಟಡದಲ್ಲಿ ನೀರಿದ್ದದ್ದು ಎರಡೇ ಕಡೆ: ವಾಚ್‌ಮನ್ನನ ಖೋಲಿಯಲ್ಲಿ ಮತ್ತು ಕನ್ನಡ ಬಾರದ ಅಧ್ಯಕ್ಷರ ಮನೆಯಲ್ಲಿ. ನಮ್ಮ ಮನೆಯಲ್ಲಿ ಹನಿ ಇರಲಿಲ್ಲ. "ನೋಟಿಸ್ ಹಾಕಿದಾಕಿ ನೀನ. ತುಂಬಿರತಿ ಅಂತ ನಾ ಸುಮ್ಮನಾದ್ನಿ" ಎಂದರು ಗಂಡ. ಎಲ್ಲರಿಗೂ ಹೇಳಿ ತಾನು ಮರೆಯುವುದು ಮಾಸ್ತರರ ಹಳೆಯ ಜಾಡ್ಯ.

ಎರಡು ಬಿಂದಿಗೆ ಹಿಡಿದು ಅಧ್ಯಕ್ಷರ ಮನೆಗೆ ಹೋದೆ. ಅಧ್ಯಕ್ಷರು ಹೊರಗೆ ಹೋಗಿದ್ದರು, ಅಥವಾ ನನ್ನ ದನಿ ಕೇಳಿ ಒಳಗೆ ಹೋಗಿದ್ದರು. ಆಜಿ ಅಡುಗೆಮನೆಯಲ್ಲಿ ಕೂತಿದ್ದರು. "ಬಾ ಯವ್ವಾ, ಕುಂಡ್ರು. ನೀರ ಎಲ್ಲಿ ಓಡಿ ಹೋಗತೈತಿ?" ಎಂದರು. ಕೂತೆ.

ಅವರ ತವರು ಖಂಡೇರಾಜುರಿ. ತಂದೆಯದು ದೊಡ್ಡ ಕುರಿಹಿಂಡು. ಆರಗದಲ್ಲಿ ಸೋದರಮಾವನ ಮನೆಯಲ್ಲಿದ್ದು ಮೂರನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವರು. ಮದುವೆಯಾಗಿ ಸಾಂಗಲಿಗೆ ಬಂದರು. ಮಗ ಹುಟ್ಟಿದ. ಮನೆಯಲ್ಲಿ ಎಲ್ಲರ ಮಾತೂ ಕನ್ನಡವೇ. ಮಗನಿಗೆ ಆರು ವರ್ಷವಾದಾಗ ಶಾಲೆಗೆ ಹಾಕಿದರು, ಮರಾಠಿ ಶಾಲೆಗೆ.

"ಒಂದಿನ ಅವನ ಮಾಸ್ತರು ಮನೀಗೆ ಬಂದ್ರು. ಹುಡುಗ ವರ್ಗದಾಗ ಬಾಯಿ ಬಿಡವಲ್ಲ, ಬಿಟ್ರ ಪೋರಗೋಳು ನಗತಾವು, ಮನ್ಯಾಗ ಕನ್ನಡ ಬಿಡ್ರಿ ಅಂದ್ರು. ಆಗಿನ ಕಾಲದಾಗ ಮಾಸ್ತರು ಅಂದ್ರ ಕೋರ್ಟ್ ಇದ್ದಂಗ. ಅವತ್ತ ಬಿಟ್ಟಿವಿ."

"ಅವತ್ತ?"

"ಅವತ್ತ ಸಂಜೀಕ. ಮೊದಲ ಮೊದಲ ಮಾತ ಬರ್ತಿದ್ದಿಲ್ಲ. ಹಸಿವಾತು ಅನ್ನಾಕೂ ವಿಚಾರ ಮಾಡಬೇಕಾಗತಿತ್ತು. ಅವ ಒಂದ ವಾರ ನನ್ನ ಮಾರಿ ನೋಡಿ ನೋಡಿ ಅಳತಿದ್ದ. ಈಕಿ ನಮ್ಮವ್ವ ಅಲ್ಲ ಅಂತಿದ್ದ. ಆಮ್ಯಾಲ ರೂಢಿ ಆತು."

ನಾನು ಬಿಂದಿಗೆಯ ಕಂಠ ಹಿಡಿದುಕೊಂಡು ಕೂತಿದ್ದೆ. ನನಗೆ ನಾನು ನೆನಪಾದೆ. ಗಡಿಯ ಶಾಲೆಯಲ್ಲಿ ಎಷ್ಟು ತಾಯಂದಿರಿಗೆ "ಮನೆಯಲ್ಲಿ ಶುದ್ಧ ಭಾಷೆ ಮಾತಾಡಿ, ನಿಮ್ಮ ಹಟ್ಟಿಯ ಭಾಷೆ ಬೇಡ" ಎಂದು ಹೇಳಿದ್ದೆನೋ ಲೆಕ್ಕವಿಲ್ಲ. ಅದರ ಬಗ್ಗೆ ವ್ಯಂಗ್ಯ ಮಾಡಲು ನನಗೆ ಈಗಲೂ ಬರುವುದಿಲ್ಲ.

"ಮತ್ತ ಓದೋದು ಮರ್ತಿಲ್ಲಲ್ರಿ ನೀವು?" ಎಂದು ಕೇಳಿದೆ.

"ಸ್ಟ್ಯಾಂಡಿಗೆ ಹೋದ್ರ ಆ ಕಡಿಂದ ಬಂದ ಬಸ್ಸಿನ ಬೋರ್ಡ್ ಓದತಿದ್ನಿ. ಅಥಣಿ, ಕಾಗವಾಡ, ಚಿಕ್ಕೋಡಿ. ಬಸ್ ಬಿಟ್ರೂ ಸೈತ ಓದಕೋತ ನಿಂದರತಿದ್ನಿ. ಅಷ್ಟ ನನ್ನ ಪುಸ್ತಕ." ಎರಡು ಬಿಂದಿಗೆ ನೀರು ತುಂಬಿಸಿ ಕಳಿಸಿದರು.

ನಾಲ್ಕನೆಯ ದಿನ ಅಧ್ಯಕ್ಷರು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನನ್ನ ಕಂಪ್ಯೂಟರ್ ನೋಡಲು. ಇನ್ನೊಂದು ಕನ್ನಡ ನೋಟಿಸು ಬೀಳದಂತೆ ತಡೆಯುವುದು ಅವರ ಕರ್ತವ್ಯವಾಗಿತ್ತು. ಕನ್ನಡಕ ಏರಿಸಿ ಕೂತು, ಎರಡು ಕೀಲಿ ಒತ್ತಿದರು. ಡಬ್ಬಿ ತೆರೆಯಿತು. ನನಗೆ ಒಳಗೊಳಗೇ ತೃಪ್ತಿಯಾಯಿತು. ಆಮೇಲೆ ಅವರು ಎಡಿಟರನ್ನು ಬಿಟ್ಟು, ಪತ್ರ ಬರೆಯುವ ಬೇರೊಂದು ತಂತ್ರಾಂಶ ತೆರೆದು ಅದೇ ಎರಡು ಕೀಲಿ ಒತ್ತಿದರು. ಮರಾಠಿ ಬಂತು. ಒಂದೇ ಏಟಿಗೆ. ನಾನು ಮಂಗಳವಾರವಿಡೀ ಕೀಬೋರ್ಡನ್ನು ಮೆಂತ್ಯದ ಜೊತೆ ಮೆರವಣಿಗೆ ಮಾಡಿಸಿದ್ದೆ. ಇನ್ನೊಂದು ಕಿಟಕಿಯಲ್ಲಿ ಒತ್ತಿ ನೋಡಲು ನನಗಾಗಲಿ, ನನ್ನ ಗಂಡನಿಗಾಗಲಿ, ಅಂಗಡಿಯ ತತ್ವಜ್ಞಾನಿಗಾಗಲಿ ಹೊಳೆದಿರಲಿಲ್ಲ.

ಅಂದರೆ ಕೀಬೋರ್ಡ್ ಸರಿ, ಕಂಪ್ಯೂಟರ್ ಸರಿ. ನಾನು ಹೂಂ ಎಂದ ಅಪ್‌ಡೇಟಿನಲ್ಲಿ ಎಡಿಟರ್ ಆ ಎರಡು ಕೀಲಿಗಳನ್ನು ತನ್ನ ಡಬ್ಬಿಗೆ ಬಳಸಿಕೊಂಡಿತ್ತು. ಅಧ್ಯಕ್ಷರು ಎಲ್ಲೋ ಒಳಗೆ ಹೊಕ್ಕು, ಕೀಲಿಗಳ ಉದ್ದ ಪಟ್ಟಿಯೊಂದನ್ನು ತೆರೆದು, ಡಬ್ಬಿಗೆ ಬೇರೆ ಎರಡು ಕೀಲಿ ಕೊಟ್ಟು, ಎಡಿಟರನ್ನು ಮುಚ್ಚಿ ತೆರೆದರು. ಸರಿಯಾಯಿತು. ಐದು ನಿಮಿಷ. ಹಿಂದೆ ನಿಂತಿದ್ದ ನನ್ನ ಗಂಡ, "ನಾ ಅವತ್ತ ಹೇಳಿರಲಿಲ್ಲೇನು, ಬಂದ್ ಮಾಡಿ ಚಾಲೂ ಮಾಡು ಅಂತ?" ಎಂದರು.

ಮುಂದಿನ ಸಭೆಗೆ ನಾನು ತಪ್ಪದೆ ಹೋದೆ, ನನ್ನನ್ನು ತೆಗೆದುಹಾಕುತ್ತಾರೆಂಬ ಆಸೆಯಿಂದ. ಯಾರೂ ತೆಗೆಯಲಿಲ್ಲ; ನನ್ನ ಜಾಗಕ್ಕೆ ಹಾಕಲು ಗೈರುಹಾಜರಾದವರೇ ಇರಲಿಲ್ಲ. ನೋಟಿಸು ಮರಾಠಿಯಲ್ಲೇ ಇರಬೇಕು ಎಂಬ ಠರಾವು ಮಂಡಿಸಲು ಅಧ್ಯಕ್ಷರು ಎದ್ದು ನಿಂತರು. ಮೂಲೆಯ ಕುರ್ಚಿಯಲ್ಲಿದ್ದ ಆಜಿ ಕೋಲನ್ನು ನೆಲಕ್ಕೊಮ್ಮೆ ಕುಟ್ಟಿದರು. ಅಧ್ಯಕ್ಷರು ಕಾಗದ ನೋಡಿಕೊಂಡು, ಕೆಮ್ಮಿ, "ನಿಯಮಾಪ್ರಮಾಣೆ" ಮೇಲೆ ಮರಾಠಿ, ಕೆಳಗೆ ಕನ್ನಡ ಎಂದು ಓದಿದರು. ಆ ಕಾಗದದಲ್ಲಿ ಹಾಗೆ ಬರೆದಿರಲಿಲ್ಲವೆಂದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು.

ಆ ತಿಂಗಳ ಕೊನೆಯಲ್ಲಿ ಆಜಿ ತವರಿಗೆ ಹೋಗಬೇಕೆಂದರು. ಅಧ್ಯಕ್ಷರು ಕಾರು ತೆಗೆದರು. ಜೊತೆಗೆ ನಾನಿರಬೇಕೆಂದು ಆಜಿಯ ಹಟ. ಮಿರಜ ದಾಟಿ ಖಂಡೇರಾಜುರಿ ಮುಟ್ಟುವವರೆಗೆ ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಹರಟಿದೆವು. ಅಧ್ಯಕ್ಷರು ರಸ್ತೆ ನೋಡುತ್ತಾ ಗಾಡಿ ಹೊಡೆದರು; ನಗುವ ಮಾತು ಬಂದಲ್ಲೆಲ್ಲ ಅವರ ಕಿವಿ ಕೆಂಪಾಗುತ್ತಿತ್ತು.

ಈಗ ಆ ಮನೆಯಲ್ಲಿರುವುದು ಆಜಿಯ ತಮ್ಮನ ಮಗ, ಅವನ ಹೆಂಡತಿ. ಅಂಗಳದಲ್ಲಿ ಇಪ್ಪತ್ತು ಕುರಿಗಳು. ಆಜಿ ಒಳಗೆ ಹೋಗಿ ಗೋಡೆ, ಕಂಬ, ಒಲೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಅಧ್ಯಕ್ಷರು ಕಾರಿನಲ್ಲೇ ಕೂತಿದ್ದರು. ಆ ಮನೆಯ ಸೊಸೆ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಚಹಾದ ಬಟ್ಟಲು ಹಿಡಿದು ಕಾರಿನ ಕಿಟಕಿಗೆ ಹೋದಳು.

"ಕಾಕಾ, ಒಳಗ ಬರ್ರಿ. ಚಾ ತಗೋರಿ" ಎಂದಳು.

ಅಧ್ಯಕ್ಷರು ಅವಳನ್ನು ನೋಡಿದರು. ಅವರ ತುಟಿ ಒಂದೆರಡು ಸಲ ಅಲುಗಿತು. ಆಮೇಲೆ, ಇಡೀ ವಿಶ್ರಾಮಬಾಗಕ್ಕೆ ನಿಯಮ ಕಲಿಸಿದ ಆ ಮನುಷ್ಯ, ಆರು ವರ್ಷದ ಹುಡುಗನ ಕನ್ನಡದಲ್ಲಿ, ಅದೇ ರಾಗದಲ್ಲಿ, "ನಂಗ ಚಾ ಒಲ್ಲೆ ಯವ್ವಾ. ಹಾಲ ಕೊಡು" ಎಂದರು.

ಸೊಸೆ ನಗಲಿಲ್ಲ. "ಹೂನ್ರಿ" ಎಂದು ಒಳಗೆ ಹೋಗಿ ಹಾಲು ಕಾಸಲಿಟ್ಟಳು. ಅಧ್ಯಕ್ಷರು ಕಾರಿನಿಂದಿಳಿದು, ಕುರಿಗಳ ನಡುವೆ ದಾರಿ ಮಾಡಿಕೊಂಡು ಬಂದು, ಚಪ್ಪಲಿಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಒಳಗೆ ಬಂದರು.